ಮರಿಗೆ ಹನ್ನೊಂದು ಸಲ

ಕಳೆದ ಓಣಂ ಮುಗಿದ ಮೂರನೆಯ ದಿನ, ಆಲುವ ರಸ್ತೆಯ ಬದಿಯ ಒಂದು ಬ್ಯಾಂಕ್ ನೌಕರರ ಕಾಲೊನಿಯಲ್ಲಿ, ಮನೆಗೆಲಸದ ಹೆಂಗಸರಿಗೆಂದು ಕಟ್ಟಿದ್ದ ಒಂದೇ ಒಂದು ಕಕ್ಕಸನ್ನು ನಾಯಿಗೂಡು ಮಾಡಿದರು. ಗುಂಡಿಯ ಮೇಲೆ ಹಲಗೆ ಹೊಡೆದರು. ಬಾಗಿಲಿಗೆ ಬೀಗ ಹಾಕಿದರು. ಕಾಲೊನಿಯ ಎಂಟು ಮನೆಗಳಲ್ಲಿ ಒಂಬತ್ತು ಹೆಂಗಸರು ಕೆಲಸ ಮಾಡುತ್ತಾರೆ.

ಈಗ ೧೯೭೪ರ ಮಾರ್ಚ್. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಮೂರನೆಯ ಮನೆಯ ಹಿಂಬಾಗಿಲು ತೆರೆದು ಕುಸುಮಾವತಿ ಅಂಗಳಕ್ಕಿಳಿಯುತ್ತಾರೆ. ಕೈಯಲ್ಲಿ ಹತ್ತು ವಾರದ ಪೊಮೆರೇನಿಯನ್ ಮರಿ, ಇನ್ನೂ ಅರೆನಿದ್ದೆಯಲ್ಲಿದೆ. ಅದರ ಹೊಟ್ಟೆಯ ಕೆಳಗೆ ಅಂಗೈ ಇಟ್ಟು, ತುಂಬಿದ ತಂಬಿಗೆ ಹಿಡಿದವರ ಹಾಗೆ ಅಲುಗಾಡದೆ ನಡೆಯುತ್ತಾರೆ. ನುಗ್ಗೆಮರದ ಬುಡದಲ್ಲಿ ಒಂದು ಹಳೆಯ ಬಟ್ಟೆಯ ತುಂಡಿದೆ. ಅದರ ಪಕ್ಕದಲ್ಲಿ ಮರಿಯನ್ನು ಇಳಿಸುತ್ತಾರೆ. ಮರಿ ಮೂಸುತ್ತದೆ, ಒಂದು ಸುತ್ತು ಬರುತ್ತದೆ, ಇನ್ನೊಂದು ಸುತ್ತು ಬರುತ್ತದೆ, ಕೂರುತ್ತದೆ.

"ಆಯ್ತಾ ಮಗಾ? ಜಾಣ ನೀನು, ಜಾಣ" ಎಂದು ಕುಸುಮಾವತಿ ಅದರ ಕಿವಿಯ ಹಿಂದೆ ತುರಿಸುತ್ತಾರೆ. ಆಮೇಲೆ, ಪೇಪರಿಗೆ ಬರೆಯಲೆಂದು ಬಂದು ಜಗಲಿಯಲ್ಲಿ ಕೂತಿರುವ ನನ್ನ ಕಡೆ ತಿರುಗಿ ಹೇಳುತ್ತಾರೆ: "ಹೊಗಳೋದಿದ್ರೆ ಆಗಲೇ ಹೊಗಳ್ಬೇಕು. ಒಳಗೆ ಹೋಗಿ ಹೊಗಳಿದ್ರೆ ಒಳಗೆ ಬಂದದ್ದಕ್ಕೆ ಹೊಗಳಿದ್ದು ಅಂತ ತಿಳ್ಕೊಳ್ತದೆ."

ಮೂವತ್ತೆಂಟು ವರ್ಷದ ಕುಸುಮಾವತಿ ಕುಂಬಳೆಯ ಕಡೆಯವರು. ೧೯೬೧ರಲ್ಲಿ ಗಂಡ ಕಮಲಾಕ್ಷನ ಜೊತೆ ಏಲೂರಿಗೆ ಬಂದರು. ಅಲ್ಲಿನ ಗೊಬ್ಬರದ ಕಾರ್ಖಾನೆಯಲ್ಲಿ ಅವನದು ಗುತ್ತಿಗೆದಾರನ ಕೆಳಗೆ ಮೂಟೆ ಹೊರುವ ಕೆಲಸ. ಐದು ವರ್ಷ ಹೊತ್ತ. ೬೬ರ ಮಳೆಗಾಲದಲ್ಲಿ ವಿಷಮಶೀತಜ್ವರ ಬಂದು ಹನ್ನೆರಡು ದಿನದಲ್ಲಿ ತೀರಿಕೊಂಡ. ಆಗ ಮಗಳು ರತ್ನ ಹೊಟ್ಟೆಯಲ್ಲಿದ್ದಳು. ಊರಿಗೆ ಮರಳಲು ಅಲ್ಲಿ ಯಾರೂ ಇರಲಿಲ್ಲ. ಕನ್ನಡ ಮಾತಾಡುವ ಬ್ಯಾಂಕಿನವರ ಮನೆಗಳಿವೆ ಎಂದು ಯಾರೋ ಹೇಳಿದರು. ಅಂದಿನಿಂದ ಈ ಕಾಲೊನಿಯೇ ಅವರ ಅನ್ನ. ರತ್ನಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ.

ನಾಯಿಮರಿಗಳಿಗೆ ಮನೆಯ ರೀತಿ ಕಲಿಸುವ ವಿದ್ಯೆ ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಅವರು ಕೆಲಸಕ್ಕೆ ಸೇರಿದ ಮೊದಲ ಮನೆಯ ಯಜಮಾನರು ಸುಬ್ರಾಯರು. ಅವರ ಮರಿ ನಡುಮನೆಯಲ್ಲಿ ಒದ್ದೆ ಮಾಡಿದಾಗಲೆಲ್ಲ ಅವರು ಅದರ ಮೂಗನ್ನು ಆ ಒದ್ದೆಗೇ ಉಜ್ಜಿ, ಸುತ್ತಿದ ಪೇಪರಿನಿಂದ ಬಾರಿಸುತ್ತಿದ್ದರಂತೆ. ಒಂದು ತಿಂಗಳಲ್ಲಿ ನಡುಮನೆ ಚೊಕ್ಕಟವಾಯಿತು. ಸುಬ್ರಾಯರು ಬೀಗಿದರು. ದೀಪಾವಳಿಗೆ ಮಂಚ ಸರಿಸಿದಾಗ ಅದರಡಿಯಲ್ಲಿ ತಿಂಗಳ ಹೊಲಸೆಲ್ಲ ಒಣಗಿ ಕೂತಿತ್ತು.

"ಹೊಡೆದ್ರೆ ಅದು ಹೊರಗೆ ಹೋಗೋದನ್ನು ಕಲಿಯೂದಿಲ್ಲ. ನಮ್ಮ ಕಣ್ಣಿಗೆ ಬೀಳದ ಹಾಗೆ ಮಾಡೋದನ್ನು ಕಲೀತದೆ" ಎನ್ನುತ್ತಾರೆ ಕುಸುಮಾವತಿ. "ಅದಕ್ಕೆ ಬಂದದ್ದು ಅವಸರ. ಅದು ತಪ್ಪಾ? ಹೊತ್ತು ನೋಡದ ನಮ್ಮದು ತಪ್ಪು."

ಹೊತ್ತು ನೋಡುವುದೇ ಅವರ ಕಸುಬು. ನಿದ್ದೆಯಿಂದ ಎದ್ದ ಕೂಡಲೇ ಒಮ್ಮೆ, ಹಾಲು ಕುಡಿದು ಹತ್ತು ನಿಮಿಷಕ್ಕೆ ಒಮ್ಮೆ, ಆಡಿ ದಣಿದ ಮೇಲೆ ಒಮ್ಮೆ. ಈ ನಡುವೆ ಮೂಗು ನೆಲಕ್ಕೆ ಹಚ್ಚಿ ಗಿರಕಿ ಹೊಡೆಯಲು ತೊಡಗಿದರೆ, ಕೈಯಲ್ಲಿದ್ದ ದೋಸೆ ಸಟ್ಟುಗ ಬಿಟ್ಟು ಓಡುತ್ತಾರೆ. ಮರಿಯನ್ನು ನಡೆಸುವಂತಿಲ್ಲ, ಎತ್ತಿಯೇ ಒಯ್ಯಬೇಕು. ಒಯ್ಯುವ ಜಾಗ ದಿನವೂ ಒಂದೇ ಇರಬೇಕು. ಮೊದಲ ದಿನ ನೆಲ ಒರೆಸಿದ ಬಟ್ಟೆಯನ್ನು ತೊಳೆಯದೆ ಅಲ್ಲಿಡಬೇಕು, ವಾಸನೆಯೇ ದಾರಿ ಹೇಳುತ್ತದೆ. ಒಳಗೆ ಆದದ್ದರ ಮೇಲೆ ಬೂದಿ ಸುರಿದು, ಗುಡಿಸಿ, ಹುಳಿಹುಳಿ ಬಿಂಬುಳಿ ಕಾಯಿಯ ರಸ ಹಾಕಿ ಉಜ್ಜಬೇಕು, ಅಲ್ಲಿ ವಾಸನೆ ಉಳಿಯಕೂಡದು. ಇಷ್ಟೂ ಬಿಡದೆ ನಡೆದರೆ ಮೂರು ನಾಲ್ಕು ವಾರದಲ್ಲಿ ಮರಿ ಕಲಿಯುತ್ತದೆ. ಎಂಟು ವರ್ಷಗಳಲ್ಲಿ ಕಾಲೊನಿಯ ಒಳಗೂ ಹೊರಗೂ ಸೇರಿ ನಲವತ್ತಮೂರು ಮರಿಗಳು ಇವರ ಕೈಯಲ್ಲಿ ಕಲಿತಿವೆ. ತಿರುವನಂತಪುರಕ್ಕೆ ವರ್ಗವಾದ ನಟರಾಜ ಎಂಬವರು ಅಲ್ಲಿ ಕೊಂಡ ಮರಿಗಾಗಿ ಇವರನ್ನು ರೈಲಿನಲ್ಲಿ ಕರೆಸಿ ಒಂದು ತಿಂಗಳು ಇರಿಸಿಕೊಂಡಿದ್ದರು.

ಸೋತದ್ದಿಲ್ಲವೇ ಎಂದು ಕೇಳುತ್ತೇನೆ. ಕುಸುಮಾವತಿ ನಗುತ್ತಾರೆ. "ಏಲೂರಿನ ಕಾರ್ಖಾನೆ ಕಡೆಯಿಂದ ಗಾಳಿ ಬೀಸಿದ ದಿನ ಸೋಲ್ತೇನೆ. ಆ ವಾಸನೆಗೆ ಮರಿಗೆ ಇಡೀ ಊರೇ ಕಕ್ಕಸು ಅಂತ ಕಾಣ್ತದೆ. ಪಾಪ, ಎಲ್ಲಿ ಬೇಕಾದ್ರೂ ಕೂತ್ಕೊಳ್ತದೆ."

ಪಕ್ಕದ ಮನೆಯಲ್ಲಿ ಪಾತ್ರೆ ಉಜ್ಜುತ್ತಿರುವ ಸರೋಜ, ಆಲುವದವರು, ಬೇಲಿಯಾಚೆಯಿಂದ ಮಲಯಾಳದಲ್ಲಿ ಕೂಗುತ್ತಾರೆ. "ಕುಸುಮಂ, ನಿನ್ನ ಮಗನಿಗೆ ಇವತ್ತು ಎಷ್ಟಾಯ್ತು?"

"ಆರಾಯ್ತು ಚೇಚಿ."

"ಹತ್ತು ಗಂಟೆಗೇ ಆರು! ಭಾಗ್ಯವಂತ. ನಾವು ವ್ರತ ಗಿತ ಮಾಡಿ ಏನು ಸುಖ ಮಗಳೇ? ಬರುವ ಜನ್ಮದಲ್ಲಿ ಪೊಮೆರೇನಿಯನ್ ಆಗೋಣ, ಹೊತ್ತು ಹೊತ್ತಿಗೆ ಎತ್ತಿಕೊಂಡು ಹೋಗ್ತಾರೆ."

ಇಬ್ಬರೂ ನಗುತ್ತಾರೆ. ನಗುವಾಗ ಕುಸುಮಾವತಿ ಕಿಬ್ಬೊಟ್ಟೆಯ ಮೇಲೆ ಕೈ ಒತ್ತಿ ಹಿಡಿಯುತ್ತಾರೆ.

ಅವರು ಏಲೂರಿನ ಗುಡಿಸಲನ್ನು ಬಿಡುವುದು ನಸುಕಿನ ಐದಕ್ಕೆ. ಮತ್ತೆ ಗುಡಿಸಲು ಸೇರುವುದು ಮಧ್ಯಾಹ್ನ ಮೂರಕ್ಕೆ. ಹತ್ತು ತಾಸು. ನಾಯಿಗೂಡಿನ ಒಳಗೀಗ ಸೀಸರ್ ಎಂಬ ಅಲ್ಸೇಷನ್ ಇದೆ. ಅದು ಕಾಲೊನಿ ಸಂಘದ ಕಾರ್ಯದರ್ಶಿ ಶ್ರೀಕಂಠ ಅವರದ್ದು. ಕೀಲಿಕೈ ಅವರ ಮನೆಯ ಮೊಳೆಯ ಮೇಲಿದೆ. ಮೊದಲು ಕೆಲವು ದಿನ ಹೆಂಗಸರು ಕಾಲೊನಿಯ ಹಿಂದಿನ ಪೊದೆಗಳಿಗೆ ಹೋದರು. ನೋಡಲು ಅಸಹ್ಯ ಎಂದು ದೂರು ಬಂತು, ಎದೆಮಟ್ಟದ ಗೋಡೆ ಎದ್ದಿತು. ಒಂಬತ್ತು ಮಂದಿಯೂ ಸೇರಿ ಶ್ರೀಕಂಠರ ಬಾಗಿಲಿಗೆ ಹೋದರು. ಅವರು ಸಿಟ್ಟು ಮಾಡಲಿಲ್ಲ. "ಸರಿ, ಬಿಟ್ಟುಕೊಡೋಣ. ಆದ್ರೆ ನಾಯೀನ ಎಲ್ಲಿಗೆ ಕಳಿಸೋದು, ನೀವೇ ಹೇಳಿ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಒಂಬತ್ತು ಮಂದಿ ಹೆಂಗಸರ ಮುಖ ನೋಡಿಕೊಂಡು ಕೇಳಲು ಎಷ್ಟು ಓದಿರಬೇಕು, ಯಾವ ಪರೀಕ್ಷೆ ಪಾಸು ಮಾಡಿರಬೇಕು, ನನಗೆ ತಿಳಿಯದು.

ಐದನೆಯ ಮನೆಯಲ್ಲಿ ನಿರ್ಮಲ ಎಂಬ ಹುಡುಗಿ ಕೆಲಸಕ್ಕಿದ್ದಳು. ಏಳು ತಿಂಗಳ ಬಸುರಿ. ಜನವರಿಯ ಒಂದು ಭಾನುವಾರ, ಊಟದ ಮೇಜಿನ ಸುತ್ತ ನೆಂಟರು ಕೂತಿದ್ದಾಗ, ಬೆಳಗಿನಿಂದ ತಡೆದದ್ದು ಇನ್ನು ತಡೆಯಲಾಗದೆ, ಸಾರಿನ ಪಾತ್ರೆ ಹಿಡಿದು ನಿಂತಲ್ಲೇ ಅವಳ ಸೀರೆ ಒದ್ದೆಯಾಯಿತು. ಒಬ್ಬರು ಮೂಗಿಗೆ ಕರವಸ್ತ್ರ ಹಿಡಿದರು. ನಿರ್ಮಲ ಪಾತ್ರೆಯನ್ನು ಮೇಜಿನ ಮೇಲಿಟ್ಟು, ನೆಲ ತಾನೇ ಒರೆಸಿ, ಹೊರಟುಹೋದಳು. ಮತ್ತೆ ಬರಲಿಲ್ಲ. ಅದೇ ಕೋಣೆಯಲ್ಲಿ, ಅದೇ ತಿಂಗಳು, ಆ ಮನೆಯ ಮರಿ ನೆಂಟರೊಬ್ಬರ ಚಪ್ಪಲಿಯ ಮೇಲೆಯೇ ಒದ್ದೆ ಮಾಡಿತು. "ಪಾಪ, ಮಗು ಅಲ್ವಾ!" ಎಂದು ಎಲ್ಲರೂ ನಕ್ಕರು. ಆ ಮನೆಗೆ ಕೈನೆರವಿಗೆ ಹೋಗಿ ಎರಡನ್ನೂ ಕಂಡ ಸರೋಜ ಇದನ್ನು ನನಗೆ ಹೇಳುವಾಗ ನಗಲಿಲ್ಲ.

ಕುಸುಮಾವತಿ ಕಂಡುಕೊಂಡ ದಾರಿ ಬೇರೆ. ಅವರು ನೀರು ಕುಡಿಯುವುದನ್ನು ನಿಲ್ಲಿಸಿದರು. ಬೆಳಗ್ಗೆ ಬಾಯಿ ಮುಕ್ಕಳಿಸಿ ಉಗುಳುತ್ತಾರೆ, ಅಷ್ಟೇ. ಮಾರ್ಚಿನ ಬಿಸಿಲಿಗೂ ಮನೆ ಸೇರುವ ತನಕ ಒಂದು ಗುಟುಕಿಲ್ಲ. ಶಿವರಾತ್ರಿಯ ಹೊತ್ತಿಗೆ ಚಳಿಜ್ವರ ಬಂತು. ಉಚ್ಚೆಯಲ್ಲಿ ರಕ್ತ ಕಂಡಿತು. ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರೆ ಕೊಟ್ಟು, ದಿನಕ್ಕೆ ಹತ್ತು ಲೋಟ ನೀರು ಕುಡಿಯಬೇಕು, ಒಂದು ನಿಮಿಷವೂ ತಡೆದು ಹಿಡಿಯಬಾರದು, ಹೀಗೇ ಬಿಟ್ಟರೆ ಮೂತ್ರಪಿಂಡ ಹೋಗುತ್ತದೆ ಎಂದು ಎಚ್ಚರಿಸಿದರು.

"ನಾನು ಹೂಂ ಅಂದೆ. ಡಾಕ್ಟರಮ್ಮನಿಗೆ ಎಂತ ಹೇಳೋದು? ಮರಿಗಳಿಗೆ ಅವಸರ ಆಗೋದು ನನಗೆ ಎಲ್ಲರಿಗಿಂತ ಮೊದಲು ತಿಳೀತದೆ ಅಂತ ಇವರೆಲ್ಲ ಹೊಗಳ್ತಾರೆ. ಯಾಕೆ ತಿಳಿಯೂದಿಲ್ಲ? ದಿನ ಪೂರ್ತಿ ನನಗೆ ಅದೇ ಯೋಚನೆ" ಎನ್ನುತ್ತಾರೆ ಕುಸುಮಾವತಿ. ಆಮೇಲೆ ಸೊಪ್ಪು ಸೋಸಲು ತೊಡಗುತ್ತಾರೆ. "ರತ್ನನಿಗೆ ಏಳು ಈಗ. ನಾನು ಹೋದ್ರೆ ಅವಳೂ ಯಾರದೋ ಹಿತ್ತಲಿಗೇ ಬರಬೇಕಲ್ಲ. ಅದೊಂದೇ."

ಈ ಮೂರನೆಯ ಮನೆಯ ಯಜಮಾನಿ ಹರಿಣಾಕ್ಷಿ ಉಡುಪಿಯ ಕಡೆಯವರು. ಒಳ್ಳೆಯವರು. ಇದನ್ನು ವ್ಯಂಗ್ಯಕ್ಕೆ ಬರೆಯುತ್ತಿಲ್ಲ. ಜ್ವರದ ದಿನಗಳಲ್ಲಿ ಗಂಜಿ ಕಳಿಸಿಕೊಟ್ಟವರು ಅವರೇ. ನನ್ನನ್ನು ಹಿತ್ತಲ ಜಗಲಿಯಲ್ಲಿ ಇಡೀ ದಿನ ಕೂರಲು ಬಿಟ್ಟವರೂ ಅವರೇ, "ನಮ್ಮ ಕುಸುಮನ ಬಗ್ಗೆ ಬರೀಬೇಕು ನೀವು" ಎಂದು. ಅವರ ಮನೆಯಲ್ಲಿ ಕಕ್ಕಸು ಎರಡಿವೆ. ಒಂದನ್ನು ಕುಸುಮಾವತಿಗೆ ಬಿಡಬಾರದೇ ಎಂದು ಕೇಳಿದೆ. ಅವರು ದನಿ ತಗ್ಗಿಸಿದರು: "ನಾನಾದ್ರೆ ಬೇಡ ಅನ್ನುದಿಲ್ಲ. ಅತ್ತೆಯವರಿಗೆ ಮಡಿ. ಮತ್ತೆ ಒಬ್ಬಳಿಗೆ ಬಿಟ್ಟೆ ಅಂತ ಗೊತ್ತಾದ್ರೆ ಉಳಿದ ಮನೆಯವರು ನನ್ನನ್ನು ಸುಮ್ಮನೆ ಬಿಡ್ತಾರಾ?" ಮರಿ ಅತ್ತೆಯವರ ಮಂಚದ ಮೇಲೆಯೇ ಮಲಗುತ್ತದೆ.

ಬೆಳಗಿನಿಂದ ಮಧ್ಯಾಹ್ನ ಎರಡರವರೆಗೆ ನಾನು ಬರೆದುಕೊಂಡ ಲೆಕ್ಕ ಇಷ್ಟು. ಮರಿ: ಹನ್ನೊಂದು ಸಲ. ಕುಸುಮಾವತಿ: ಒಂದೂ ಇಲ್ಲ.

ಹನ್ನೊಂದನೆಯ ಸಲದ್ದನ್ನು ಮಾತ್ರ ಬಿಡಿಸಿ ಹೇಳಬೇಕು. ಮಧ್ಯಾಹ್ನ ಒಂದೂವರೆ ಇರಬಹುದು. ಕುಸುಮಾವತಿ ಒಲೆಯ ಬಳಿ ಕೂತಿದ್ದಾರೆ. ಮರಿ ನಿದ್ದೆಯಿಂದೇಳುತ್ತದೆ, ಯಾರೂ ಕರೆಯದೆ, ಯಾರೂ ಎತ್ತದೆ, ತಾನೇ ಹಿಂಬಾಗಿಲಿಗೆ ಹೋಗುತ್ತದೆ, ಮುಂಗಾಲಿನಿಂದ ಕದವನ್ನು ಕೆರೆಯುತ್ತದೆ. ಕುಸುಮಾವತಿ ಎದ್ದು ಕದ ತೆರೆಯುತ್ತಾರೆ. ಅದು ನುಗ್ಗೆಮರದ ಬುಡಕ್ಕೆ ಉರುಳುತ್ತಾ ಓಡುತ್ತದೆ.

"ಕಲೀತು" ಎನ್ನುತ್ತಾರೆ. ಕಣ್ಣು ತುಂಬಿದೆ. "ಕದ ಕೆರೆದ್ರೆ ತೆರೀತಾರೆ ಅಂತ ಅದಕ್ಕೆ ಗೊತ್ತಾಯ್ತು."

ಹರಿಣಾಕ್ಷಿ ಓಡಿ ಬಂದು ನೋಡಿ, ಮಗುವಿನ ಹಾಗೆ ಚಪ್ಪಾಳೆ ತಟ್ಟುತ್ತಾರೆ. ಆಗ ಕುಸುಮಾವತಿಯ ಒಣಗಿದ ತುಟಿ ಅವರಿಗೆ ಕಾಣುತ್ತದೆ. ಒಳಗೆ ಹೋಗಿ ಹೂಜಿಯಿಂದ ಒಂದು ಲೋಟ ನೀರು ತರುತ್ತಾರೆ.

"ತಗೋ, ಕುಡಿ. ಡಾಕ್ಟ್ರು ಹೇಳಿದ್ದಾರಲ್ಲ. ನನ್ನ ಎದುರಿಗೇ ಕುಡಿ."

"ಬೇಡ ಅಮ್ಮ."

"ಎಂತ ಹಟ ಮಾರಾಯ್ತಿ ನಿಂದು? ಪೇಪರಿನವರ ಎದುರು ನನ್ನ ಮರ್ಯಾದೆ ತೆಗೀಬೇಡ. ಕುಡಿ ಅಂದೆ."

"ಕುಡಿದು ನಾನು ಎಲ್ಲಿಗೆ ಹೋಗ್ಲಿ? ಅದನ್ನು ಹೇಳಿ ಅಮ್ಮ, ಈಗಲೇ ಕುಡೀತೇನೆ."

ಹರಿಣಾಕ್ಷಿ ನನ್ನನ್ನು ನೋಡುತ್ತಾರೆ, ಒಳಗೆ ಅತ್ತೆಯವರ ಕೋಣೆಯ ಕಡೆ ನೋಡುತ್ತಾರೆ. "ಮೊದಲು ಕುಡಿ. ಅದೆಲ್ಲ ಆಮೇಲೆ ನೋಡುವ."

ಕುಸುಮಾವತಿ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ.

"ಇಲ್ಲ ಅಮ್ಮ. ನಾನು ಕುಡಿಯೂದಿಲ್ಲ."