ಹಳೇ ಡ್ರೈವರೇ ಆಗಬೇಕು

ತೆಲಂಗಾಣ ಬೇರೆ ರಾಜ್ಯವಾದ ವರ್ಷ ನಮ್ಮ ನಾರಾಯಣಪೇಟೆಯಲ್ಲಿ ಎಲ್ಲರಿಗೂ ಹೊಸದರ ಹುಚ್ಚು. ಅಂಗಡಿ ಬೋರ್ಡು ಹೊಸದು, ಗಾಡಿ ನಂಬರು ಹೊಸದು, ಕಚೇರಿಯ ಠಸ್ಸೆ ಹೊಸದು. ನನ್ನ ಕಂಪ್ಯೂಟರು ಮಾತ್ರ ಹಳೆಯದು. ನೋಡಿದವರೆಲ್ಲ ಗುಜರಿಗೆ ಹಾಕು ಅನ್ನುತ್ತಿದ್ದರು. ಹಾಕೋದಿಲ್ಲ, ಏನು ಮಾಡ್ತೀರಿ ಅಂತ ನಾನು ಕೇಳುತ್ತಿದ್ದೆ.

ಅವ್ವ ನಲವತ್ತು ವರ್ಷದಿಂದ ಮಗ್ಗದ ಮೇಲೆ. ನಾನು ಮಗ್ಗಕ್ಕೆ ಕೂರಲಿಲ್ಲ. ಸೀರೆಯ ದಡಿಗೆ, ಅಂದರೆ ಅಂಚಿಗೆ, ಚಿತ್ರ ಬರೆಯುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಣ್ಣ ತುಂಬಬೇಕು. ಆ ಲೆಕ್ಕದಂತೆ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಿದರೆ ಚಿತ್ರ ನೇಯ್ಗೆಗೆ ಇಳಿಯುತ್ತದೆ. ಆ ವರ್ಷ ಅವ್ವ ಹೇಳುತ್ತ ಹೋದಳು, ನಾನು ತುಂಬುತ್ತ ಹೋದೆ: ಜೋಳದ ತೆನೆಯ ಸಾಲು, ತೆನೆಗೊಂದು ಗುಬ್ಬಿ. ಅಂಥ ದಡಿ ನಮ್ಮ ಕಡೆ ಯಾರೂ ನೇಯ್ದಿರಲಿಲ್ಲ.

ಗದ್ವಾಲಿನ ಸೀರೆ ಸಾವ್ಕಾರನಿಗೆ ಸುದ್ದಿ ಮುಟ್ಟಿತು. ಫೋನ್ ಮಾಡಿದ.

"ಪೆನ್ ಡ್ರೈವ್‌ನ್ಯಾಗ ಹಾಕಿ ಕಳಿಸಮ್ಮಾ, ನೋಡಿ ಹೇಳ್ತೀನಿ."

ಹಿಂದೊಮ್ಮೆ ಹಾಗೇ ಕಳಿಸಿದ್ದೆ. ನೋಡಿ ಏನೂ ಹೇಳಲಿಲ್ಲ. ಮೂರು ತಿಂಗಳಾದ ಮೇಲೆ ನನ್ನ ದಡಿ ಅವನ ಅಂಗಡಿಯಲ್ಲಿ ಅವನ ದಡಿಯಾಗಿ ನೇತಾಡುತ್ತಿತ್ತು. ಆವತ್ತು ಬಸ್‌ಸ್ಟ್ಯಾಂಡಿನ ತನಕ ಹಲ್ಲು ಕಚ್ಚಿಕೊಂಡು ನಡೆದಿದ್ದೆ. ಈ ಸಲ ದಡಿ ನಮ್ಮ ಕೈ ಬಿಡಬಾರದು.

"ಫೈಲ್ ಕಳಿಸೂದಿಲ್ರಿ," ಅಂದೆ. "ಮಿಷಿನ್ನ ಹೊತ್ತು ತರ್ತೀನಿ. ನಿಮ್ಮ ಟೀವಿಗೆ ಹಚ್ಚಿ ತೋರಿಸ್ತೀನಿ. ಮನಸಿಗೆ ಬಂದ್ರ ರಟ್ಟು ನಮ್ಮ ಮನ್ಯಾಗ ಹೊಡದು ಕೊಡ್ತೀವಿ."

ಅವನು ನಕ್ಕ. "ಸರೇ, ಶುಕ್ರವಾರ ಬಾ. ಆ ಡಬ್ಬಾ ನಡೀಲಿಲ್ಲಂದ್ರ ಸುಮ್ನ ಪೆನ್ ಡ್ರೈವ್ ಕೊಟ್ಟು ಹೋಗಬೇಕು."

ಆಗಲಿ ಅಂದುಬಿಟ್ಟೆ. ಸಿಟ್ಟಿನಲ್ಲಿ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

ಆ ಡಬ್ಬಾ ನಡೆಯುತ್ತಿತ್ತು, ಆದರೆ ಒಂದು ರೋಗವಿತ್ತು. ಪರದೆಗೆ ಚಿತ್ರ ಕಳಿಸಲು ಕಂಪ್ಯೂಟರಿನೊಳಗೆ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ, ಅದನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ನನ್ನ ಹಳೆಯ ಕಾರ್ಡಿಗೆ ಹಳೆಯ ಡ್ರೈವರೇ ಆಗಬೇಕು. ಸಿಸ್ಟಮ್ಮಿನ ಜೊತೆ ಬಂದ ಹೊಸ ಡ್ರೈವರ್ ಬಂದು ಕೂತರೆ ಕೆಂಪು ಹಸಿರು ಕಲಸಿ, ಚೌಕ ಒಡೆದು, ಗುಬ್ಬಿ ಯಾವುದು ತೆನೆ ಯಾವುದು ತಿಳಿಯದು. ದಿನಾ ಬೆಳಿಗ್ಗೆ ಹೊಸದನ್ನು ಎಬ್ಬಿಸಿ ಹಳೆಯದನ್ನು ಕೂರಿಸಲು ಅರ್ಧ ಗಂಟೆ ಕೀಬೋರ್ಡು ಕುಟ್ಟುತ್ತಿದ್ದೆ. ಕರೆಂಟ್ ಹೋಗಿ ಬಂತೋ, ಮತ್ತೆ ಹೊಸದೇ ಕೂತಿರುತ್ತಿತ್ತು. ಆ ವರ್ಷ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೋ ದೇವರೇ ಬಲ್ಲ. ಸಾವ್ಕಾರನ ಎದುರು ಅರ್ಧ ಗಂಟೆ ಕುಟ್ಟುತ್ತ ಕೂತರೆ ಅವನು ಪೆನ್ ಡ್ರೈವಿಗೆ ಕೈ ಚಾಚದೆ ಬಿಡುತ್ತಾನೆಯೇ.

ಮಕ್ತಲ್‌ನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿದ್ದರು. ಅವರಿಗೆ ಫೋನ್ ಹಚ್ಚಿದೆ. ಮನೆಯೊಳಗೆ ಸಿಗ್ನಲ್ ಸಿಗದು, ಅಂಗಳದಲ್ಲಿ ನಿಂತು ಕೂಗಿದೆ. ಸಿಟ್ಟು ಬಂದರೆ ನಾನು ಯಂತ್ರವನ್ನೂ ಅವನು ಇವನು ಅನ್ನುವವಳು.

"ಹೊಸಾವ ಬ್ಯಾಡ್ರಿ ನನಗ. ಹಳೇ ಡ್ರೈವರೇ ಆಗಬೇಕು. ಇದ್ದಷ್ಟು ಹೊತ್ತು ಚಲೋ ಇರ್ತಾನ, ಕರೆಂಟ್ ಹೋತಂದ್ರ ಬಿಟ್ಟು ಹೋಗ್ತಾನ."

ಪಕ್ಕದ ಮನೆಯಾಕೆ ನಳದ ಹತ್ತಿರ ಕೊಡ ತುಂಬುತ್ತಿದ್ದಳು. ಸಂಜೆ ಸಕ್ಕರೆ ಕೇಳುವ ನೆವದಿಂದ ಬಂದು ಅವ್ವನ ಕಿವಿಯ ಹತ್ತಿರ ಕೂತಳು.

"ಯಾವ ಡಿಪೋದಾವರೀ ಅವ? ಹೆಂಡ್ರು ಮಕ್ಕಳು ಅದಾರೇನು ಕೇಳ್ಯಾಳಿಲ್ಲೋ ನಿಮ್ಮ ಹುಡುಗಿ?"

ಅವ್ವ ಎಷ್ಟು ನಕ್ಕಳೆಂದರೆ ಕೈಯಲ್ಲಿದ್ದ ಲಾಳಿ ಬಿತ್ತು. ನನಗೆ ನಗು ಬರಲಿಲ್ಲ. ಒಂದು ವಾರ ಓಣಿಯಲ್ಲಿ ಎಲ್ಲರೂ ಬಸ್ಸಿನ ಕಡೆಯೊಮ್ಮೆ, ನನ್ನ ಕಡೆಯೊಮ್ಮೆ ನೋಡುತ್ತಿದ್ದರು.

ರಿಪೇರಿಯವರು ಒಂದು ಉಪಾಯ ಹೇಳಿದ್ದರು. ಹೊಸ ಡ್ರೈವರ್ ಬರಕೂಡದು ಅಂತ ಒಂದು ಸಣ್ಣ ಫೈಲಿನಲ್ಲಿ ಬರೆದಿಡಬೇಕು. ಬರೆದಿಟ್ಟೆ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ಹೊಸದೇ ಬಂತು. ಅಳಿಸಿ ಮತ್ತೆ ಬರೆದೆ. ಮತ್ತೆ ಅದೇ. ಹಾಗೆ ಗುರುವಾರ ಮಧ್ಯಾಹ್ನವಾಯಿತು.

ಅವ್ವ ಮಗ್ಗದಲ್ಲಿ ಕೆಚ್ಚುತ್ತಿದ್ದಳು. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳು, ಮುಗಿದಾಗ ನೇಕಾರರು ಹಳೆಯ ಎಳೆಗಳನ್ನು ಪೂರ್ತಿ ತೆಗೆಯುವುದಿಲ್ಲ. ಎಳೆ ಹಾಯುವ ಬಾಚಣಿಗೆಯಂಥ ಹಣಿಗೆಯಲ್ಲಿ ತುದಿ ಉಳಿಸಿಕೊಂಡು, ಒಂದೊಂದಕ್ಕೂ ಹೊಸ ಹಾಸಿನ ಎಳೆ ಹೊಸೆದು ಜೋಡಿಸುತ್ತಾರೆ. ಅದೇ ಕೆಚ್ಚುವುದು. ಸಾವಿರಾರು ಎಳೆ, ಎಲ್ಲ ಬೆರಳಿನಲ್ಲೇ.

"ಬರಬ್ಯಾಡ ಅಂತ ಬರದೀನವ್ವಾ," ಅಂದೆ. "ನಾ ಬರದದ್ದು ಓದೂಕಿಂತ ಮದ್ಲ ಬಂದು ಕುಂತಿರತೈತಿ."

ಅವ್ವ ತಲೆ ಎತ್ತಲಿಲ್ಲ. "ಹೊಸಾ ಹಾಸು ತಂದು ಮಗ್ಗದ ಮುಂದ ಇಟ್ರ ಆತೇನು? ಹಣಿಗ್ಯಾಗ ಹಳೇ ಎಳಿ ಹಂಗ ಐತಿ. ಕೆಚ್ಚಬೇಕು ಮಗಳ, ಆಮ್ಯಾಲ ಒಳಗ ಬರತೈತಿ."

ಅವಳು ಹೇಳಿದ್ದು ತನ್ನ ಕೆಲಸದ ಮಾತು. ನನಗೆ ಮಾತ್ರ ಬೆನ್ನಿಗೆ ಗುದ್ದಿದ ಹಾಗಾಯಿತು. ಕಂಪ್ಯೂಟರ್ ಏಳುವಾಗ ಎಲ್ಲಕ್ಕಿಂತ ಮೊದಲು ಬಿಚ್ಚುವ ಫೈಲುಗಳ ಸಣ್ಣ ಗಂಟೊಂದಿರುತ್ತದೆ. ಹೊಸ ಡ್ರೈವರ್ ಆ ಗಂಟಿನೊಳಗೇ ಕೂತಿತ್ತು. ನಾನು ಬರೆದ ಫೈಲು ಗಂಟಿನ ಹೊರಗಿತ್ತು. ಫೈಲು ಬರೆದರೆ ಸಾಲದು, ಗಂಟನ್ನೇ ಬಿಚ್ಚಿ ಹೊಸದಾಗಿ ಕಟ್ಟಬೇಕು. ಅದಕ್ಕೊಂದು ಸಾಲಿನ ಆಜ್ಞೆ ಇತ್ತು, ಕೊಟ್ಟೆ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ಹಳೆಯ ಡ್ರೈವರ್ ಬಂತು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಬಂತು. ಖುಷಿಗೆ ಅಳು ಬಂತು ಅಂತ ಹೇಳಲು ನನಗೇನೂ ನಾಚಿಕೆಯಿಲ್ಲ.

ಶುಕ್ರವಾರ ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಮಕ್ತಲ್‌ನಲ್ಲಿ ಬಸ್ಸು ಬದಲಿಸಿದೆ. ಜೂರಾಲ ಅಣೆಕಟ್ಟೆಯ ಮೇಲೆ ಬಸ್ಸು ಕುಲುಕಿದಾಗಲೆಲ್ಲ ಅದನ್ನು ಎದೆಗೆ ಅವುಚಿಕೊಂಡೆ.

ಸಾವ್ಕಾರನ ಟೀವಿಗೆ ತಂತಿ ಹಚ್ಚಿ ಚಾಲೂ ಮಾಡಿದೆ. ದಡಿ ಮೂಡಿತು, ಗೋಡೆಯಗಲ. ಅವನು ಎದ್ದು ಹತ್ತಿರ ಬಂದ. ಬಹಳ ಹೊತ್ತು ನೋಡಿದ. ಆಮೇಲೆ ಕೈ ಚಾಚಿ ಗೋಡೆಯ ಸ್ವಿಚ್ ಆರಿಸಿದ.

"ಕರೆಂಟ್ ಹೋತು ಅಂತ ತಿಳ್ಕೋ," ಅಂದು ಮತ್ತೆ ಹಾಕಿದ.

ನಾನು ಕೈ ಕಟ್ಟಿಕೊಂಡು ಕೂತೆ. ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಕಂಪ್ಯೂಟರ್ ತಾನಾಗಿ ಎದ್ದಿತು. ಗುಬ್ಬಿಗಳು ತೆನೆಯ ಮೇಲೆ ಬಂದು ಕೂತವು.

"ಚಲೋ ಐತಿ," ಅಂದ. "ಈಗ ಫೈಲ್ ಕೊಡು."

"ನಡೀಲಿಲ್ಲಂದ್ರ ಕೊಡಬೇಕು ಅಂದಿದ್ರಿ. ನಡೀತು."

"ಹಂಗಾದ್ರ ನಿನ್ನ ದಡಿ ನೀನ ಇಟ್ಕೋ."

"ಇಟ್ಕೋತೀನ್ರಿ," ಅಂದು ತಂತಿ ಕಿತ್ತೆ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಕೆಲಸ ಕೈ ಬಿಟ್ಟದ್ದಕ್ಕೆ ಬೈಯಬಹುದು ಅಂದುಕೊಂಡಿದ್ದೆ. "ರಟ್ಟು ಹೊಡಿ, ನಾನ ನೇಯ್ತೀನಿ," ಅಂದಳು, ಅಷ್ಟೇ.

ನೇಯ್ದ ಮೊದಲ ಸೀರೆಯನ್ನು ಅವಳು ಮಾರಲಿಲ್ಲ. ನಲವತ್ತು ವರ್ಷದಲ್ಲಿ ತಾನು ನೇಯ್ದ ರೇಷ್ಮೆಯನ್ನು ತಾನೇ ಉಟ್ಟದ್ದು ಅದೇ ಮೊದಲು. ಉಟ್ಟು, "ನಡಿ, ಗದ್ವಾಲಿಗೆ ಹೋಗಿ ಜರಿ ತರೂಣು," ಅಂದಳು. ಜರಿ ನಮ್ಮ ಓಣಿಯಲ್ಲೇ ಸಿಗುತ್ತದೆ.

ಸಾವ್ಕಾರನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇಬ್ಬರು ಹೆಂಗಸರು ತಮ್ಮ ಮುಂದೆ ಹರಡಿದ್ದ ಸೀರೆಗಳನ್ನು ಬಿಟ್ಟು ಅವ್ವನ ದಡಿಯನ್ನೇ ನೋಡತೊಡಗಿದರು, ಇದು ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಸಾವ್ಕಾರ ಗದ್ದಿಗೆ ಬಿಟ್ಟು ಎದ್ದು ಬಂದ.

"ಎಷ್ಟು ಸೀರಿ ಕೊಡಾಕ ಆಗತೈತ್ರಿ?" ಮೆಲ್ಲಗೆ ಕೇಳಿದ.

"ನಾ ಜರಿ ತಗೊಳಾಕ ಬಂದೀನ್ರಿ," ಅಂದಳು ಅವ್ವ. "ದಡಿ ಮಾತು ಆಡೂದಿದ್ರ ನಮ್ಮ ಮನಿಗೆ ಬರ್ರಿ."

ಮುಂದಿನ ವಾರ ಬಂದ. ಚಪ್ಪಲಿ ಹೊರಗೆ ಬಿಟ್ಟು, ಮಗ್ಗದ ಪಕ್ಕ ನೆಲದ ಮೇಲೆ ಕೂತ.