ಪೆಟ್ಟಿಗೆಯೊಳಗಿನ ನಾಲ್ಕನೆಯ ಬಡಿತ

ದೆವ್ವ, ಗಾಳಿ, ಸೋಂಕು ಎಂದರೆ ನಕ್ಕುಬಿಡುತ್ತಿದ್ದವನು ನಾನು. ಮಹಾಕೂಟದ ಹಾದಿಯಲ್ಲಿ ಏನೋ ಕಂಡೆನೆಂದು ಜ್ವರ ಹಿಡಿದು ಮಲಗಿದ ನಮ್ಮ ಸೋದರಮಾವನನ್ನು ವರ್ಷಗಟ್ಟಲೆ ಗೋಳುಹೊಯ್ದುಕೊಂಡಿದ್ದೇನೆ. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಯ ಒಂದು ಹತ್ತಿ ಕಾರ್ಖಾನೆಯಲ್ಲಿ ಪ್ರೆಸ್ ನಡೆಸುತ್ತಿದ್ದೆ. ಬೀಜ ತೆಗೆದ ಅರಳೆಯನ್ನು ಆಳುದ್ದದ ಕಟ್ಟಿಗೆಯ ಪೆಟ್ಟಿಗೆಗೆ ಸುರಿದು, ಮಕ್ಕಳನ್ನು ಇಳಿಸಿ ತುಳಿಸುತ್ತಿದ್ದರು. ಅದಕ್ಕೆ ಎಂಟು ಹತ್ತು ವರ್ಷದವರೇ ಸರಿ ಎಂದು ಎಲ್ಲರೂ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ನಾನು ನಿಲ್ಲುವ ಮೂಲೆಯಿಂದ ಪೆಟ್ಟಿಗೆಯ ಬಾಯಿ ಕಾಣುತ್ತಿರಲಿಲ್ಲ, ಯಂತ್ರದ ಗದ್ದಲದಲ್ಲಿ ಕೂಗೂ ಕೇಳುತ್ತಿರಲಿಲ್ಲ. ಅದಕ್ಕೇ ಹೊರಬಂದ ಪ್ರತಿ ಮಗುವೂ ಪೆಟ್ಟಿಗೆಯ ಹೊರಹಲಗೆಗೆ ಅಂಗೈಯಿಂದ ಒಮ್ಮೆ ಬಡಿಯಬೇಕು. ನಾನು ಹಲಗೆಯ ಮೇಲೆ ಕೈಯಿಟ್ಟು ಬಡಿತ ಎಣಿಸಿ, ಆಮೇಲೆ ಹಿಡಿಕೆ ಎಳೆಯುತ್ತಿದ್ದೆ. ಎಳೆದರೆ ಪ್ರೆಸ್ ಪೆಟ್ಟಿಗೆಯೊಳಗಿನದನ್ನೆಲ್ಲ ಅದುಮಿಬಿಡುತ್ತಿತ್ತು.

ಒಂದು ಮಧ್ಯಾಹ್ನ ತಪಾಸಣೆಯ ಜೀಪು ಬಂತು. ಅಂಥ ಹೊತ್ತಿನಲ್ಲಿ ಮಕ್ಕಳನ್ನು ಪೆಟ್ಟಿಗೆಯಲ್ಲಿ ಅಡಗಿಸಿ ಮೇಲೆ ಅರಳೆ ಚೆಲ್ಲುವುದು ನಮ್ಮಲ್ಲಿಯ ರೂಢಿ. ಸಾಹೇಬರು ಚಹಾ ಕುಡಿದು ಹೋದರು. ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಮಕ್ಕಳನ್ನು ಹೊರಗೆ ಕರೆದು, ನನ್ನ ಕಿವಿಯ ಹತ್ತಿರ ಬಂದು ಕೂಗಿದ: "ಮೂರೂ ಬಂದ್ವು, ಎಳಿ!"

ಮೂರು ಬಡಿತ ನನ್ನ ಕೈಗೂ ತಾಕಿದ್ದವು. ಒಂದು ಕೈ ಹಲಗೆಯ ಮೇಲಿರುವಾಗಲೇ ಇನ್ನೊಂದರಿಂದ ಹಿಡಿಕೆ ಹಿಡಿದೆ. ಅಷ್ಟರಲ್ಲಿ ಪೆಟ್ಟಿಗೆಯ ಒಳಗಿನಿಂದ ನಾಲ್ಕನೆಯದು ಬಿತ್ತು.

"ಒಳಗ ಮತ್ತ ಯಾರೋ ಅದಾರ್ರಿ!"

"ಹುಚ್ಚ ಹಿಡಿದೈತೇನಲೇ? ಇದ್ದದ್ದ ಮೂರು!"

ಹಿಡಿಕೆ ಬಿಟ್ಟೆ. ಓಡಿಹೋಗಿ ಪೆಟ್ಟಿಗೆಗೆ ಧುಮುಕಿ ಅರಳೆ ಬಗೆದೆ. ತಳದಲ್ಲಿ ಏಳೆಂಟು ವರ್ಷದ ಹುಡುಗಿ ಬೋರಲಾಗಿ ಬಿದ್ದಿದ್ದಳು. ಎರಡೂ ಕೈ ಹೊಟ್ಟೆಯ ಕೆಳಗೆ ಸಿಕ್ಕಿದ್ದವು, ಮೂಗು ಬಾಯಿಯಲ್ಲೆಲ್ಲ ಅರಳೆ.

ಮುಖಕ್ಕೆ ನೀರು ಹೊಡೆದು, ಬೆನ್ನು ಗುದ್ದಿದ ಮೇಲೆ ಕೆಮ್ಮಿದಳು. ಜ್ವರ ಬಂದ ಅಕ್ಕನ ಬದಲಿಗೆ ಅಂದೇ ಬಂದವಳಂತೆ. ಉಳಿದವರು ಇಳಿದದ್ದನ್ನು ನೋಡಿ ತಾನೂ ಇಳಿದಿದ್ದಳು. ಗಡಿಬಿಡಿಯಲ್ಲಿ ಯಾರೂ ಗಮನಿಸಿರಲಿಲ್ಲ.

"ಚಲೋ ಆತವ್ವಾ, ಬಡಿದಿ," ಎಂದೆ.

"ನಾ ಬಡಿದಿಲ್ಲರಿ," ಎಂದಳು. "ಬಡೀಬೇಕಂತ ನನಗ ಯಾರೂ ಹೇಳಿಲ್ಲ."

ಆ ಉರಿಬಿಸಿಲಿನಲ್ಲಿ ನನ್ನ ಬೆನ್ನಿಗೆ ಚಳಿ ಹತ್ತಿತು. ಆ ಬಡಿತ ಬೀಳುವ ಹೊತ್ತಿಗೆ ಉಳಿದ ಮೂವರು ನೀರು ಕುಡಿಯಲು ಅಂಗಳಕ್ಕೆ ಹೋಗಿದ್ದರು. ಮುಕಾದಮ ತನಗೇನೂ ಕೇಳಿಸಲಿಲ್ಲ ಎಂದ. ಹಲಗೆ ಕಾವಿಗೆ ಸಿಡಿದಿರಬೇಕು ಎಂದು ನಾನೂ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಹಲಗೆ ಸಿಡಿಯುವುದಕ್ಕೂ ಅಂಗೈ ಬಡಿಯುವುದಕ್ಕೂ ವ್ಯತ್ಯಾಸ ತಿಳಿಯದಷ್ಟು ಹೊಸಬ ನಾನಾಗಿರಲಿಲ್ಲ. ಅದು ಸಣ್ಣದೊಂದು ಅಂಗೈ. ಯಾರದೆಂದು ಇಂದಿಗೂ ನನಗೆ ಗೊತ್ತಿಲ್ಲ, ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ಮರುದಿನ ಆ ಹುಡುಗಿ ಮತ್ತೆ ಕೆಲಸಕ್ಕೆ ಬಂದಳು. ಮನೆಗೆ ಕಳಿಸಬೇಕಿತ್ತು. ನಾನು ಅವಳ ಕೈ ಹಿಡಿದು, ಹಲಗೆಗೆ ಎಲ್ಲಿ ಬಡಿಯಬೇಕೆಂದು ತೋರಿಸಿಕೊಟ್ಟೆ.