ಷಡ್ಡಕನಿಲ್ಲದ ರಜೆ

ನಮ್ಮನೆಯವರಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದರೆ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಅವರಂಥ ಸಾಧು ಇನ್ನೊಬ್ಬರಿಲ್ಲ ಎಂದೇ ಹೆಸರು. ಹೆಸರು ಕೊಟ್ಟವರು ಅರ್ಧ ಗಂಟೆ ಕುರ್ಚಿಯಲ್ಲಿ ಕೂತು ಎದ್ದುಹೋಗುವವರು. ಜೊತೆಗೆ ಬಾಳುವವಳು ನಾನು. ನಮ್ಮ ಕ್ಷೌರದ ಅಂಗಡಿ ಮನೆಯ ಮುಂಭಾಗದಲ್ಲೇ ಇದೆ. ಆ ಕಡೆ ಅವರ ಕುರ್ಚಿ, ಈ ಕಡೆ ನನ್ನ ಒಲೆ, ನಡುವೆ ಒಂದು ಪರದೆ. ಅಲ್ಲಿ ಆಡಿದ್ದೆಲ್ಲ ನನಗೆ ಕೇಳಿಸುತ್ತದೆ. ನಾನು ಇಲ್ಲಿ ಗೊಣಗಿದ್ದೂ ಅವರಿಗೆ ಕೇಳಿಸುತ್ತದೆ, ಆದರೆ ಕೇಳಿಸದವರ ಹಾಗೆ ಇದ್ದುಬಿಡುತ್ತಾರೆ.

ಅವರ ಕಸುಬಿಗೆ ಒಂದು ಕಟ್ಟಳೆ ಇದೆ, ನಮ್ಮ ಮಾವ ಕಲಿಸಿಹೋದದ್ದು. ಕತ್ತರಿಯ ಕೆಳಗೆ ತಲೆ ಕೊಟ್ಟು ಕೂತವನಿಗೆ ಎದುರುತ್ತರ ಕೊಡಬಾರದು. ವಾದಕ್ಕಿಳಿದರೆ ಅವನು ತಲೆ ಅಲ್ಲಾಡಿಸುತ್ತಾನೆ, ತಲೆ ಅಲ್ಲಾಡಿಸಿದರೆ ಕಿವಿ ಉಳಿಯುವುದಿಲ್ಲ. ಹಾಗಾಗಿ ಒಬ್ಬ ಬಂದು ಈ ಸಲ ಚಳಿ ವಿಪರೀತ ಎಂದರೆ ಇವರು ಹೌದೌದು ಅನ್ನುತ್ತಾರೆ. ಅವನು ಎದ್ದ ಮೇಲೆ ಇನ್ನೊಬ್ಬ ಕೂತು ಚಳಿಯೇ ಬೀಳಲಿಲ್ಲವಲ್ಲ ಎಂದರೆ ಅದಕ್ಕೂ ಹೌದೌದು. ಕೋಲೆ ಬಸವನಾದರೂ ಒಮ್ಮೊಮ್ಮೆ ಸುಮ್ಮನಿರುತ್ತದೆ. ಪರದೆ ಸರಿಸಿ ಒಳಗೆ ಬಂದರೆ ಮಾತ್ರ ನಾನು ಹೇಳಿದ್ದಕ್ಕೆಲ್ಲ ಇಲ್ಲ, ಆಗಲ್ಲ, ನಿನಗೇನು ಗೊತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಮಾಡಿದವರು ನಮ್ಮ ಮನೆಗೆ ಒಂದು ಸಲ ಬಂದುಹೋಗಿರಬೇಕು.

ಇವರ ಹೊಟ್ಟೆಕಿಚ್ಚೆಲ್ಲ ಒಬ್ಬರ ಮೇಲೆ. ನನ್ನ ತಂಗಿಯ ಗಂಡ, ಅಂದರೆ ಇವರ ಷಡ್ಡಕ, ರೋಪ್‌ವೇ ಮೆಕ್ಯಾನಿಕ್. ಬೇಸಿಗೆ ಬಂತೆಂದರೆ ಹಿಮದ ಬೆಟ್ಟಗಳ ಸೀಮೆಗೆ ಹೋಗಿ, ತಂತಿಯ ಮೇಲೆ ಜನರನ್ನು ಹೊತ್ತು ತೇಲುವ ಡಬ್ಬಿಗಳ ಗಾಲಿ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಬರುತ್ತಾರೆ. ದುಡಿಯುವುದಕ್ಕೇ ಹೋಗುವುದು. ಆದರೆ ವಾಪಸ್ಸು ಬರುವಾಗ ಮುಖ ಕೆಂಪಗೆ ಹೊಳೆಯುತ್ತಿರುತ್ತದೆ, ಫೋನ್ ತುಂಬ ಫೋಟೋ, ಬಾಯಿ ತುಂಬ ಕಥೆ. ಕಡುನೀಲಿ ಕೆರೆ, ಕೊರಳಲ್ಲಿ ಗಂಟೆ ಕಟ್ಟಿಕೊಂಡ ಹಸುಗಳು, ಬೇಸಿಗೆಯಲ್ಲೂ ಕರಗದ ಹಿಮ. ನಮ್ಮ ಮಗಳು ಊಟದ ತಟ್ಟೆ ಬಿಟ್ಟೆದ್ದು ಚಿಕ್ಕಪ್ಪನ ಪಕ್ಕ ಕೂರುತ್ತಾಳೆ. ಅವರಿಗೆ ಮಕ್ಕಳಿಲ್ಲ, ಇವಳೆಂದರೆ ಪ್ರಾಣ. ಅವಳು ನಕ್ಕಾಗಲೆಲ್ಲ ಇವರು ಅತ್ತ ನೋಡುತ್ತಾರೆ, ತುತ್ತು ಬಾಯಿಗೆ ಹೋಗುವುದಿಲ್ಲ.

ಅವರು ಹೊರಟ ಮೇಲೆ ಇವರದು ಶುರು. ದೂರದ ಬೆಟ್ಟ ನುಣ್ಣಗೆ ಎನ್ನುವುದು, ಗ್ರೀಸ್ ಹಚ್ಚುವವನಿಗೆ ಇಷ್ಟು ಜಂಬವೇ ಎಂದು ಮೂಗು ಮುರಿಯುವುದು. ಇವರು ಅವರಿಗಿಟ್ಟ ಹೆಸರು ಬೆಟ್ಟದ ದೊರೆ. ದೊರೆಗೆ ನೆತ್ತಿ ಬೋಳಾಗುತ್ತಿದೆ ಎಂಬುದೊಂದೇ ಇವರಿಗೆ ಸಮಾಧಾನ. ಆ ಸಮಾಧಾನವೂ ನಿಲ್ಲುವುದಿಲ್ಲ, ಏಕೆಂದರೆ ಅವರು ಕ್ಷೌರಕ್ಕೆ ಬರುವುದು ನಮ್ಮ ಅಂಗಡಿಗೇ. ಶತ್ರುವಿನ ತಲೆಯಾದರೂ ಕೈಗೆ ಸಿಕ್ಕರೆ ಇವರಿಂದ ಕೆಟ್ಟದಾಗಿ ಕತ್ತರಿಸಲು ಆಗುವುದಿಲ್ಲ. ಪಕ್ಕದ ಕೂದಲನ್ನು ನೆತ್ತಿಗೆ ಎಳೆದು, ಹದ ಮಾಡಿ, ಬೋಳು ಕಾಣದ ಹಾಗೆ ಮಾಡಿ ಕಳಿಸುತ್ತಾರೆ. ಆಮೇಲೆ ಒಳಗೆ ಬಂದು, ನೋಡಿದೆಯಾ ಎಷ್ಟು ಮೆರೀತಾ ಹೋದ ಎಂದು ನನ್ನ ಮೇಲೆ ರೇಗುತ್ತಾರೆ.

ಈ ವರ್ಷ ಮಗಳ ಶಾಲೆ ಮುಗಿಯಿತು. ಬೇಸಿಗೆ ಕಳೆದರೆ ಓದಲು ಬೇರೆ ಊರಿಗೆ ಹೋಗುತ್ತಾಳೆ. ಒಂದು ದಿನ ಇವರು ಅಂಗಡಿ ಮುಚ್ಚಿ ಬಂದವರೇ, ನಾವು ಹಿಮದ ಬೆಟ್ಟಕ್ಕೆ ಹೋಗೋಣ ಎಂದರು. ನನ್ನ ಕೈಯಿಂದ ಸೌಟು ಬೀಳುವುದೊಂದು ಬಾಕಿ. ಮದುವೆಯಾದಾಗಿನಿಂದ ವಾರದ ರಜೆ ಬಿಟ್ಟರೆ ಅಂಗಡಿಯ ಬಾಗಿಲು ಹಾಕಿದವರಲ್ಲ.

"ಮೂರೇ ಜನ," ಎಂದರು. "ಆರಾಮಾಗಿ ಇರೋಣ. ಒಂದು ಮರದ ಮನೆ ಹಿಡಿಯೋಣ, ಮುಂದೆ ಹುಲ್ಲು ಇರ್ಬೇಕು. ಅವಳಿಗೆ ಹಿಮ ತೋರಿಸೋದು ನಾನು. ಆ ದೊರೆ ಅಲ್ಲ."

ನನಗೆ ಎಲ್ಲ ಅರ್ಥವಾಯಿತು. ಮಗಳು ಮನೆ ಬಿಡುವ ಮುಂಚೆ ನಾಲ್ಕು ದಿನವಾದರೂ ಅವಳು ಪೂರ್ತಿ ತನ್ನವಳಾಗಿರಬೇಕು, ಚಿಕ್ಕಪ್ಪನನ್ನು ನೋಡುವ ಕಣ್ಣಿನಲ್ಲಿ ಒಂದು ಸಲ ಅಪ್ಪನನ್ನು ನೋಡಬೇಕು. ಹಿಮ ಒಂದು ನೆಪ. ಪಾಪ ಅನ್ನಿಸಿ, ಹೂಂ ಎಂದೆ. ನನಗೂ ಒಲೆಯ ಮುಂದಿನಿಂದ ಏಳುವ ಆಸೆ ಇರದೇ ಇರುತ್ತದೆಯೇ?

ಆ ಸೀಮೆಯ ಇಂಚಿಂಚು ಗೊತ್ತಿರುವವರು ನಮ್ಮ ಬಳಗದಲ್ಲಿ ಒಬ್ಬರೇ. ಅವರನ್ನು ಮಾತ್ರ ಇವರು ಕೇಳಲಿಲ್ಲ. ಬದಲಿಗೆ ಕುರ್ಚಿಗೆ ಬಂದ ತಲೆತಲೆಯನ್ನೂ ಕೇಳತೊಡಗಿದರು. ಬೇಕರಿಯವನು ಕೆರೆಯ ದಡದಲ್ಲಿ ಸೂರ್ಯ ಹುಟ್ಟುವುದನ್ನು ನೋಡದಿದ್ದರೆ ಹೋಗಿಯೂ ದಂಡ ಎಂದ. ಇವರು ಹೌದೌದು ಎಂದರು. ಲೆಕ್ಕದ ಮೇಷ್ಟ್ರು ಬೆಟ್ಟದ ತುದಿಗೆ ನಡೆದೇ ಹತ್ತಬೇಕು, ರೋಪ್‌ವೇ ಸೋಮಾರಿಗಳಿಗೆ ಎಂದರು. ಷಡ್ಡಕನ ಕಸುಬಿಗೆ ಬಿದ್ದ ಆ ಏಟು ಕೇಳಿ ಇವರಿಗೆ ಎಷ್ಟು ಖುಷಿಯಾಯಿತೆಂದರೆ, ಮೇಷ್ಟ್ರಿಗೆ ಕುತ್ತಿಗೆಯ ಮಾಲೀಸು ಪುಕ್ಕಟೆ. ಮಂಜಿನ ಗುಹೆ ಬಿಡಬೇಡಿ ಎಂದವನು ಅಂಚೆಯವನು. ಅವನು ಹುಟ್ಟಿದ ಊರು ಬಿಟ್ಟು ಎಲ್ಲಿಗೂ ಹೋದವನಲ್ಲ. ಅದಕ್ಕೂ ಹೌದು.

ಹೀಗೆ ಒಪ್ಪಿ ಒಪ್ಪಿ, ಆರಾಮದ ರಜೆ ಅಂತ ಹೊರಟಿದ್ದು ನಸುಕಿಗೇ ಏಳುವುದು, ಹತ್ತುವುದು, ಇಳಿಯುವುದು, ಮತ್ತೆ ಬಸ್ಸಿಗೆ ಓಡುವುದು ಎಂದಾಯಿತು. ಆರಾಮಕ್ಕೆ ಹೋಗುತ್ತಿದ್ದೇವೋ ಕೂಲಿಗೆ ಹೋಗುತ್ತಿದ್ದೇವೋ ಎಂದು ಕೇಳಿದೆ. ಬೇಕರಿಯವನಿಗೆ ಮಾತು ಕೊಟ್ಟಾಗಿದೆ, ನಾಳೆ ಬಂದು ಸೂರ್ಯನನ್ನು ನೋಡಿದಿರಾ ಎಂದು ಕೇಳಿದರೆ ಏನು ಹೇಳಲಿ ಎಂದರು. ಬೇಕರಿಯವನನ್ನೂ ಕರೆದುಕೊಂಡು ಹೋಗಿ, ನಾನು ಮನೆಯಲ್ಲಿರುತ್ತೇನೆ ಎಂದೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ತಂಗಿಯ ಗಂಡ ಕ್ಷೌರಕ್ಕೆ ಬಂದರು. ನಾನು ಪರದೆಯ ಬಳಿಯೇ ಟವೆಲ್ ಮಡಿಸುತ್ತಿದ್ದೆ. ಅದೂ ಇದೂ ಮಾತಾಡಿದ ಮೇಲೆ ಅವರು, ಕತ್ತರಿ ಕಿವಿಯ ಹಿಂದೆ ಇದ್ದಾಗ, ಮೆಲ್ಲಗೆ ಕೇಳಿದರು.

"ಭಾವ, ನೀವು ಬೆಟ್ಟಕ್ಕೆ ಹೊರಟಿದ್ದೀರಂತೆ. ಈ ಸಲ ನನ್ನ ಕೆಲಸ ಶುರುವಾಗೋದು ತಡ, ನಾವಿಬ್ರೂ ಜೊತೆಗೆ ಬರ್ಬಹುದಾ?"

"ಖಂಡಿತ ಬನ್ನಿ, ಅದಕ್ಕೇನಂತೆ," ಎಂದರು ನಮ್ಮನೆಯವರು.

ಮಾತು ಬಾಯಿಯಿಂದ ಬಿದ್ದ ಮೇಲೆ ಕತ್ತರಿಯ ಸದ್ದು ನಿಂತಿತು. ನಾನು ಪರದೆ ಸರಿಸಿ ಇಣುಕಿದೆ. ಇವರು ಬಾಚಣಿಗೆ ಹಿಡಿದುಕೊಂಡು, ಆಡಿದ ಮಾತು ಗಾಳಿಯಲ್ಲಿ ಎಲ್ಲಾದರೂ ಸಿಕ್ಕೀತೇ ಎಂದು ಹುಡುಕುವವರಂತೆ ನಿಂತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಷ್ಟು ವರ್ಷ ಬಂದ ತಲೆಗೆಲ್ಲ ಹೌದು ಎಂದ ನಾಲಿಗೆ, ಬೇಡ ಎನ್ನಬೇಕಾದ ಒಂದೇ ಒಂದು ತಲೆಗೂ ಹೌದು ಎಂದುಬಿಟ್ಟಿತ್ತು. ನನಗೆ ನಗು ತಡೆಯಲಾಗದೆ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡೆ.

ಆಮೇಲಿನ ದಿನಗಳನ್ನು ಹೇಳಿದರೆ ತೀರುವುದಿಲ್ಲ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ರೋಪ್‌ವೇ ಡಬ್ಬಿಯಲ್ಲಿ ಅವನೇ ಕಿಟಕಿಯ ಪಕ್ಕ ಕೂರುತ್ತಾನೆ, ಇದು ಆ ಶಿಖರ ಅದು ಈ ಶಿಖರ ಅಂತ ಅವನೇ ತೋರಿಸುತ್ತಾನೆ, ಇವಳು ಬಾಯಿ ಬಿಟ್ಟುಕೊಂಡು ಕೇಳುತ್ತಾಳೆ, ನಾನು ಬ್ಯಾಗು ಹೊತ್ತುಕೊಂಡು ಹಿಂದೆ ಹೋಗಬೇಕು ಎಂದು ಇವರ ಗೋಳು. ಇನ್ನೂ ನಡೆಯದೇ ಇದ್ದ ರಜೆಯನ್ನು ಇವರು ಒಂದೊಂದು ಗಳಿಗೆಯೂ ನೋಡಿ ಬಂದವರ ಹಾಗೆ ಹೇಳಿ ಹೇಳಿ ಉರಿದುಕೊಂಡರು. ಊಟ ಸೇರಲಿಲ್ಲ. ನೀನೇ ನಿನ್ನ ತಂಗಿಗೆ ಫೋನ್ ಮಾಡಿ ಬರಬೇಡಿ ಅಂತ ಹೇಳು ಎಂದು ನನ್ನ ಬೆನ್ನು ಬಿದ್ದರು. ಹೌದೌದು ಅಂದವರು ನೀವು, ಇಲ್ಲ ಅಂತ ನಾನು ಯಾಕೆ ಅನ್ನಲಿ ಎಂದೆ. ನನಗಾದರೋ ತಂಗಿ ಬಂದರೆ ಸಂತೋಷವೇ. ಅವಳೊಬ್ಬಳ ಜೊತೆಗೇ ನಾನು ಹೊಟ್ಟೆ ಹುಣ್ಣಾಗುವಷ್ಟು ನಗುವುದು.

ಕೊನೆಗೆ ಒಂದು ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ತಾವೇ ಅವರ ಮನೆಗೆ ಹೋದರು. ಕೈಯಲ್ಲಿ ಕತ್ತರಿಯಿಲ್ಲ, ಎದುರಿನವರ ತಲೆ ತಮ್ಮ ಕೈಯಲ್ಲಿಲ್ಲ, ಹಾಗಾಗಿ ಇಲ್ಲ ಎಂಬ ಮಾತು ಬಂತಂತೆ. ಮಗಳು ಹೊರಟುಹೋಗುತ್ತಾಳೆ, ಈ ಒಂದು ಸಲ ನಾವು ಮೂವರೇ ಇರಬೇಕು ಅಂತ ಆಸೆ ಎಂದರಂತೆ. ಅವರು, ಅಯ್ಯೋ ಅದಕ್ಕೇನಂತೆ ಭಾವ, ಹೋಗಿ ಬನ್ನಿ ಎಂದು ಬಾಗಿಲ ತನಕ ಬಂದು ಕಳಿಸಿಕೊಟ್ಟರಂತೆ. ಮೇಲೆ ಹಿಮದಲ್ಲಿ ಹಾಕಿಕೊಳ್ಳುವ ತಮ್ಮ ದಪ್ಪ ಕೋಟನ್ನೂ ಇವರ ಹೆಗಲಿಗೆ ಹಾಕಿದ್ದರು.

ಗೆದ್ದು ಬಂದ ಮುಖವಲ್ಲ ಅದು. ಕೋಟನ್ನು ಕುರ್ಚಿಯ ಮೇಲೆ ಎಸೆದು, ಒಂದು ಮಾತು ಬೈಯಬಾರದಿತ್ತಾ, ಅದರಲ್ಲೂ ಅವನೇ ದೊಡ್ಡವನಾದ ಎಂದು ಕುದ್ದರು. ನನಗೆ ರೇಗಿಹೋಯಿತು. ಒಬ್ಬರು ಒಳ್ಳೆಯವರಾಗಿದ್ದಾರೆಂದು ಹೊಟ್ಟೆ ಉರಿದುಕೊಳ್ಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ ಅಂಗಡಿಗೆ ವಾರದ ರಜೆ. ಮಧ್ಯಾಹ್ನ ಊಟವಾದ ಮೇಲೆ ಇವರು ಮೇಜಿನ ಮೇಲೆ ಬೆಟ್ಟದ ಸೀಮೆಯ ನಕ್ಷೆ ಹರಡಿ, ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಇನ್ನು ನಾವು ಮೂರೇ ಜನ, ಚಿಕ್ಕಪ್ಪನವರು ಬರುವುದಿಲ್ಲ ಎಂದರು. ಬಹುಮಾನ ಕೊಡುವವರ ದನಿಯಿತ್ತು. ಅವಳು ನಕ್ಷೆಯ ಕಡೆ ನೋಡಲಿಲ್ಲ.

"ನೀನೇ ಬೇಡ ಅಂದ್ಯಾ?"

ತಾವಾಗಿಯೇ ತೂರಿಕೊಂಡು ಬಂದರೆ ಇನ್ನೇನು ಮಾಡುವುದು ಎಂದು ಇವರು ಗೊಣಗಿದರು.

"ಅವರಾಗೇ ಬರ್ಲಿಲ್ಲ ಅಪ್ಪ. ಬನ್ನಿ ಅಂತ ನಾನು ಕರೆದಿದ್ದು."

ಇದು ನನಗೂ ಗೊತ್ತಿರಲಿಲ್ಲ. ಇವರ ಮುಖ ಬಿಳಚಿಕೊಂಡಿತು. ಅಷ್ಟು ಬೇಕಾ ಅವರು ನಿನಗೆ ಎಂದು ಕೇಳಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಅವರಿಗೋಸ್ಕರ ಅಲ್ಲ," ಎಂದಳು. "ಚಿಕ್ಕಪ್ಪ ಇದ್ದಾಗ ಮಾತ್ರ ನೀನು ನನ್ನ ನೋಡ್ತೀಯ. ಯಾರ ಪಕ್ಕ ಕೂತೆ, ಯಾಕೆ ನಕ್ಕೆ, ಎಲ್ಲಾ ನೋಡ್ತಾ ಇರ್ತೀಯ. ಅವರು ಎದ್ದು ಹೋದ್ರೆ ನೀನೂ ಎದ್ದು ಅಂಗಡಿಗೆ ಹೋಗ್ತೀಯ. ನಾವು ಮೂರೇ ಜನ ಹೋದ್ರೆ ನೀನು ಬೆಟ್ಟ ನೋಡ್ತೀಯ, ನಾನು ನಿನ್ನ ನೋಡ್ತಾ ಕೂತಿರ್ಬೇಕು. ನಂಗೆ ಇನ್ನು ಇಲ್ಲಿರೋಕೆ ಜಾಸ್ತಿ ದಿನ ಇಲ್ಲ."

ಅಪ್ಪನಿಗೆ ಹೀಗೆಲ್ಲ ಅನ್ನಬಾರದು ಎಂದು ಗದರಲು ಬಾಯಿ ತೆರೆದೆ. ಗದರಲಾಗಲಿಲ್ಲ, ಅವಳು ಹೇಳಿದ್ದು ನಿಜ. ಇವರೋ, ಯಾರು ಏನಂದರೂ ಹೌದೌದು ಎನ್ನುವವರು, ಹೌದು ಅನ್ನಲಾರದೆ ಇಲ್ಲ ಅನ್ನಲಾರದೆ ಕೂತುಬಿಟ್ಟರು. ಆಮೇಲೆ ನಕ್ಷೆಯನ್ನು ಒಂದೊಂದೇ ಮಡಿಕೆ ಮಡಿಸಿ ಪಕ್ಕಕ್ಕಿಟ್ಟರು. ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು.

"ಅಲ್ಲಿಗೆ ಹೋದ್ಮೇಲೆ ನಿಂಗೇನು ಮಾಡ್ಬೇಕು ಅನ್ಸುತ್ತೆ?"

ಬೀದಿಯ ತಲೆಗಳಿಗೆಲ್ಲ ಕೇಳಿದ್ದ ಪ್ರಶ್ನೆ, ಮಗಳಿಗೆ ಕೇಳಿದ್ದು ಅದೇ ಮೊದಲು. ಅವಳು ಹೇಳುತ್ತಾ ಹೋದಳು. ತಡವಾಗಿ ಏಳಬೇಕು. ಹುಲ್ಲಿನ ಮೇಲೆ ಸುಮ್ಮನೆ ಬಿದ್ದುಕೊಂಡಿರಬೇಕು. ಬೆಟ್ಟ ಹತ್ತದಿದ್ದರೂ ಪರವಾಗಿಲ್ಲ. ತಾತ ನಿನ್ನ ಕೈಗೆ ಮೊದಲು ಕತ್ತರಿ ಕೊಟ್ಟಾಗ ಯಾರ ತಲೆ ಕೆಡಿಸಿದೆ ಅಂತ ಹೇಳಬೇಕು. ಇವರು ನಕ್ಕರು, ಕಣ್ಣು ಒರೆಸಿಕೊಂಡರು, ಮತ್ತೊಂದು ಕೇಳಿದರು, ಅದಾದ ಮೇಲೆ ಇನ್ನೊಂದು. ಬೇಕರಿಯವನ ಸೂರ್ಯ ಮುಳುಗಿದ, ಮೇಷ್ಟ್ರ ಶಿಖರ ಬಿತ್ತು, ಅಂಚೆಯವನ ಗುಹೆ ಮುಚ್ಚಿತು. ಎಷ್ಟೋ ಹೊತ್ತಾದ ಮೇಲೆ, ನನ್ನ ಕಡೆ ತಿರುಗದೆಯೇ, ನಿನ್ನ ತಂಗಿಗೆ ಫೋನ್ ಮಾಡಿ ಇಬ್ಬರೂ ಬರಲಿ ಎಂದು ಹೇಳು ಎಂದರು. ಬಂದರೆ ಬರಲಿ, ನಾನಂತೂ ಇವಳ ಪಕ್ಕ ಬಿಟ್ಟು ಏಳುವುದಿಲ್ಲ ಎಂದೂ ಸೇರಿಸಿದರು.

ನಾನು ಫೋನ್ ಹಿಡಿದು ಬಾಗಿಲ ಬಳಿ ನಿಂತೆ. ಅಪ್ಪ ಮಗಳು ನನ್ನನ್ನು ಮರೆತೇಬಿಟ್ಟಿದ್ದರು. ಅವಳ ಮುಖದ ಮೇಲಿಂದ ಇವರು ಕಣ್ಣು ತೆಗೆಯಲಿಲ್ಲ. ಸಂತೋಷಪಡಬೇಕಾದ ಹೊತ್ತಿನಲ್ಲಿ ನನ್ನ ಹೊಟ್ಟೆಯಲ್ಲಿ ಚುರುಕ್ ಎಂದಿತು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ತಾಯಿ ಇರುತ್ತಾಳೆಯೇ ಎಂದು ಯಾರಾದರೂ ಕೇಳಿದರೆ, ಇರುತ್ತಾಳೆ, ಅಂಗಡಿಯ ಪರದೆ ಸರಿಸಿ ನೋಡಿ ಎನ್ನುತ್ತೇನೆ. ಅಲ್ಲಿಗೆ ಹೋದ ಮೇಲೆ ನಿನಗೇನು ಮಾಡಬೇಕು ಅನ್ನಿಸುತ್ತದೆ ಎಂದು ನನ್ನನ್ನು ಇನ್ನೂ ಯಾರೂ ಕೇಳಿಲ್ಲ.